ಮೌಂಟ್ ಗ್ಯಾಂಬಿಯರ್: ನೀಲಿ ಕೆರೆಯ ಊರಿಗೆ ಎರಡು ರಾತ್ರಿ, ಮೂರು ದಿನ

ಮೆಲ್ಬರ್ನ್‌ನಿಂದ ಗ್ರೇಟ್ ಓಷನ್ ರೋಡ್ ಹಿಡಿದು ಅಡಿಲೇಡ್ ಕಡೆಗೆ ಹೊರಟವರಲ್ಲಿ ಹೆಚ್ಚಿನವರು ಮೌಂಟ್ ಗ್ಯಾಂಬಿಯರ್‌ನಲ್ಲಿ ಪೆಟ್ರೋಲ್ ಹಾಕಿಸಿ, ಊಟ ಮುಗಿಸಿ, ನೀಲಿ ಕೆರೆಯ ಮುಂದೆ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಜುಲೈನಲ್ಲಿ ಹೋದರೆ ಆ ಫೋಟೊದಲ್ಲಿ ಕೆರೆ ನೀಲಿಯಾಗಿಯೂ ಇರುವುದಿಲ್ಲ. ಈ ಊರಿಗೆ ಕನಿಷ್ಠ ಎರಡು ರಾತ್ರಿ ಕೊಡಬೇಕು. ನೋಡಬೇಕಾದ್ದರಲ್ಲಿ ಅರ್ಧ ಭಾಗ ನೆಲದ ಕೆಳಗಿದೆ, ಕಾಲು ಭಾಗ ಕತ್ತಲಾದ ಮೇಲೆ ಚೆನ್ನಾಗಿರುತ್ತದೆ. ಮಧ್ಯಾಹ್ನದ ಒಂದು ಗಂಟೆಯಲ್ಲಿ ಎರಡೂ ದಕ್ಕುವುದಿಲ್ಲ.

ಊರು ಸೌತ್ ಆಸ್ಟ್ರೇಲಿಯಾದ ಆಗ್ನೇಯ ಮೂಲೆಯಲ್ಲಿದೆ. ಅಡಿಲೇಡ್‌ಗೂ ಮೆಲ್ಬರ್ನ್‌ಗೂ ಹೆಚ್ಚುಕಡಿಮೆ ಒಂದೇ ದೂರ, ಸುಮಾರು 440 ಕಿಲೋಮೀಟರ್. ವಿಕ್ಟೋರಿಯಾದ ಗಡಿ ಇಪ್ಪತ್ತು ನಿಮಿಷದ ಹಾದಿ. ಅಡಿಲೇಡ್ ಬಿಟ್ಟರೆ ಆ ರಾಜ್ಯದ ದೊಡ್ಡ ಊರು ಇದೇ. ದೊಡ್ಡದೆಂದರೂ ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟೇ ಜನಸಂಖ್ಯೆ.

ಹೊರಡುವ ಮುಂಚೆ ನೆಲದ ಬಗ್ಗೆ ಒಂದಿಷ್ಟು ತಿಳಿದಿದ್ದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಊರು ಕೂತಿರುವುದು ದಪ್ಪ ಸುಣ್ಣದಕಲ್ಲಿನ ಪದರದ ಮೇಲೆ. ಇಲ್ಲಿ ಹೊಳೆ-ಹಳ್ಳಗಳು ಕಾಣುವುದಿಲ್ಲ, ಬಿದ್ದ ಮಳೆ ನೇರವಾಗಿ ಕಲ್ಲಿನ ಸಂದುಗಳಿಗೆ ಇಳಿಯುತ್ತದೆ. ಮಳೆನೀರಿನಲ್ಲಿರುವ ಅಲ್ಪ ಆಮ್ಲ ಸುಣ್ಣದಕಲ್ಲನ್ನು ಕರಗಿಸುತ್ತಾ ಹೋಗಿ ಒಳಗೆ ಗವಿಗಳಾಗುತ್ತವೆ, ಗವಿಯ ಮಾಡು ಕುಸಿದಲ್ಲಿ ಬಾವಿಯಂಥ ದೊಡ್ಡ ಗುಂಡಿಗಳಾಗುತ್ತವೆ. ಇದರ ಮೇಲೆ ಜ್ವಾಲಾಮುಖಿಯ ಕೆಲಸ ಬೇರೆ. ಕೆಲವೇ ಸಾವಿರ ವರ್ಷಗಳ ಹಿಂದೆ ಮೇಲೇರಿ ಬಂದ ಶಿಲಾರಸ ಈ ಅಂತರ್ಜಲಕ್ಕೆ ತಗುಲಿ, ನೀರು ಒಮ್ಮೆಲೇ ಆವಿಯಾಗಿ ಸಿಡಿದು, ಆಳವಾದ ಕುಳಿಗಳು ಉಳಿದವು. ಆಸ್ಟ್ರೇಲಿಯಾದ ಮುಖ್ಯಭೂಮಿಯಲ್ಲಿ ಕೊನೆಯದಾಗಿ ಸಿಡಿದ ಜ್ವಾಲಾಮುಖಿಗಳ ಸಾಲಿಗೆ ಇದು ಸೇರುತ್ತದೆ. ಕುಳಿಗಳಲ್ಲಿ ತುಂಬಿದ ಅಂತರ್ಜಲವೇ ಇಂದಿನ ಕೆರೆಗಳು.

ಈ ನೆಲದ ಮೂಲ ಜನ ಬೋವಾಂಡಿಕರು. ಅವರ ಕಥೆಯಲ್ಲಿ ಕ್ರೈಟ್‌ಬುಲ್ ಎಂಬ ದೈತ್ಯ ಹೆಂಡತಿ ಮಕ್ಕಳೊಂದಿಗೆ ದುಷ್ಟಶಕ್ತಿಗೆ ಹೆದರಿ ಬೆಟ್ಟದಿಂದ ಬೆಟ್ಟಕ್ಕೆ ಓಡುತ್ತಾ ಇಲ್ಲಿಗೆ ಬರುತ್ತಾನೆ. ಅಡುಗೆಗೆ ಒಲೆ ತೋಡಿದರೆ ಕೆಳಗಿನಿಂದ ನೀರು ಉಕ್ಕಿ ಬೆಂಕಿ ನಂದುತ್ತದೆ. ನಾಲ್ಕು ಸಲ ತೋಡುತ್ತಾನೆ, ನಾಲ್ಕು ಸಲವೂ ನಂದುತ್ತದೆ. ನಾಲ್ಕು ಕೆರೆಗಳಾದದ್ದು ಹೀಗೆ. ಬೆಂಕಿ, ಕೆಳಗಿನಿಂದ ಏರಿದ ನೀರು, ಕುಳಿ: ಭೂವಿಜ್ಞಾನದವರು ಹೇಳುವುದೂ ಇದಕ್ಕಿಂತ ಬಹಳ ದೂರವಿಲ್ಲ. ಬೆಟ್ಟಕ್ಕೆ ಬೋವಾಂಡಿಕರಿಟ್ಟ ಹೆಸರು ಬೆರಿನ್, ನೀಲಿ ಕೆರೆಗೆ ವಾರ್‌ವಾರ್. ಈಗ ಊರಿನ ಫಲಕಗಳಲ್ಲಿ ಎರಡೂ ಹೆಸರು ಇರುತ್ತವೆ. ಮೌಂಟ್ ಗ್ಯಾಂಬಿಯರ್ ಎಂಬ ಹೆಸರು ಬಂದದ್ದು 1800ರ ಡಿಸೆಂಬರ್‌ನಲ್ಲಿ, ಲೇಡಿ ನೆಲ್ಸನ್ ಹಡಗಿನಿಂದ ಜೇಮ್ಸ್ ಗ್ರಾಂಟ್ ಈ ಬೆಟ್ಟವನ್ನು ಕಂಡಾಗ.

ಮೊದಲು ತಿಂಗಳು ಆರಿಸಿಕೊಳ್ಳಿ

ಕೆರೆಯ ನೀಲಿ ವರ್ಷವಿಡೀ ಇರುವುದಿಲ್ಲ. ನವೆಂಬರ್‌ನಲ್ಲಿ ಕೆಲವೇ ದಿನಗಳ ಅವಧಿಯಲ್ಲಿ ಬೂದು ಬಣ್ಣ ಬಿಟ್ಟು ನೀಲಿಗೆ ತಿರುಗುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಗಾಢವಾಗಿರುತ್ತದೆ. ಮಾರ್ಚ್‌ನಿಂದ ಮಂಕಾಗುತ್ತಾ ಹೋಗಿ, ಚಳಿಗಾಲವೆಲ್ಲ ಉಕ್ಕಿನ ಬಣ್ಣದಲ್ಲಿರುತ್ತದೆ. ಕಾರಣ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನಿಂದ ಕರಗಿ ಬಂದದ್ದೇ. ಬೇಸಿಗೆಯಲ್ಲಿ (ಇಲ್ಲಿ ಅದು ಡಿಸೆಂಬರ್‌ನಿಂದ ಫೆಬ್ರುವರಿ) ಕೆರೆಯ ಮೇಲ್ಪದರ ಬಿಸಿಯಾದಾಗ ಅದು ಅತಿಸಣ್ಣ ಹರಳುಗಳಾಗಿ ಬೇರ್ಪಟ್ಟು ಕೆಳಗಿಳಿಯುತ್ತದೆ. ಇಳಿಯುವಾಗ ನೀರಿಗೆ ಕಂದು ಛಾಯೆ ಕೊಡುವ ಸಾವಯವ ಅಂಶವನ್ನೂ ಅಂಟಿಸಿಕೊಂಡು ಹೋಗುತ್ತದೆ. ತಿಳಿಯಾದ ನೀರಿನಲ್ಲಿ ಉಳಿದ ಸೂಕ್ಷ್ಮ ಹರಳುಗಳು ನೀಲಿ ಬೆಳಕನ್ನು ಚದುರಿಸುತ್ತವೆ. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಕೆಳಗಿನ ನೀರಿನೊಂದಿಗೆ ಬೆರೆತರೆ ಆಟ ಮುಗಿಯಿತು.

ಹಾಗಾಗಿ ಬಣ್ಣವೇ ಮುಖ್ಯವಾದರೆ ಡಿಸೆಂಬರ್ ಮೊದಲ ವಾರದಿಂದ ಫೆಬ್ರುವರಿ ಕೊನೆಯೊಳಗೆ ಬನ್ನಿ. ನವೆಂಬರ್ ಮೊದಲ ವಾರಕ್ಕೆ ಟಿಕೆಟ್ ತೆಗೆಸಿದರೆ ಜೂಜಾಡಿದಂತೆ. ಡಿಸೆಂಬರ್ ಕೊನೆಯಿಂದ ಜನವರಿ ಕೊನೆಯವರೆಗೆ ಶಾಲಾ ರಜೆ, ಕೋಣೆಗಳ ದರ ಏರುತ್ತದೆ. ಆದ್ದರಿಂದ ಫೆಬ್ರುವರಿಯ ವಾರದ ದಿನಗಳು ಎಲ್ಲಕ್ಕಿಂತ ಅನುಕೂಲ. ಮೇ ತಿಂಗಳ ಆರಂಭದಲ್ಲಿ ನಡೆಯುವ ಜನರೇಷನ್ಸ್ ಇನ್ ಜಾಝ್ ಉತ್ಸವಕ್ಕೆ ದೇಶದ ಶಾಲಾಮಕ್ಕಳು ಸಾವಿರಗಟ್ಟಲೆ ಬಂದಿಳಿಯುತ್ತಾರೆ. ಆ ವಾರಾಂತ್ಯ ಕೋಣೆಯ ಆಸೆ ಬಿಡಿ.

ಬೇಸಿಗೆ ಎಂದು ಬರೀ ತೆಳು ಅಂಗಿಯಲ್ಲಿ ಬರಬೇಡಿ. ದಕ್ಷಿಣ ಸಾಗರ ಅರ್ಧ ಗಂಟೆ ದೂರದಲ್ಲಿದೆ. ಉತ್ತರದಿಂದ ಮರುಭೂಮಿಯ ಗಾಳಿ ಬೀಸಿದ ದಿನ 40 ಡಿಗ್ರಿಯ ಹತ್ತಿರ ಹೋಗಿದ್ದು, ಗಾಳಿ ತಿರುಗಿದೊಡನೆ ಅದೇ ಸಂಜೆ ಸ್ವೆಟರ್ ಬೇಕೆನಿಸುತ್ತದೆ. ಗುಹೆಗಳೊಳಗೂ ತಂಪು.

ತಲುಪುವುದು ಹೇಗೆ

ಪ್ರಯಾಣಿಕರ ರೈಲು ಊರಿಗಿಲ್ಲ. ಮೆಲ್ಬರ್ನ್‌ನಿಂದ ವಿ-ಲೈನ್ ರೈಲಿನಲ್ಲಿ ವಾರ್ನಂಬೂಲ್ ಅಥವಾ ಬ್ಯಾಲರಾಟ್‌ವರೆಗೆ ಬಂದು, ಅಲ್ಲಿಂದ ಅವರದೇ ಬಸ್ ಹಿಡಿಯಬಹುದು. ಇಡೀ ದಿನ ಹೋಗುತ್ತದೆ. ಅಡಿಲೇಡ್‌ನಿಂದಲೂ ಬಸ್ಸುಂಟು. ಎರಡೂ ನಗರಗಳಿಂದ ಸಣ್ಣ ವಿಮಾನಗಳೂ ಹಾರುತ್ತವೆ. ಆದರೆ ಬಂದಿಳಿದ ಮೇಲೆ ಕಾರಿಲ್ಲದಿದ್ದರೆ ಊರೊಳಗಿನ ಮೂರು ನಾಲ್ಕು ಜಾಗ ಬಿಟ್ಟು ಮತ್ತೇನೂ ಸಿಗದು. ಸ್ವಂತ ಕಾರು ಅಥವಾ ಬಾಡಿಗೆ ಕಾರೇ ಸರಿಯಾದ ದಾರಿ.

ಕಾರಿನಲ್ಲಿ ನಡುವೆ ಎರಡು ಸಲ ನಿಲ್ಲಿಸಿದರೂ ಐದೂವರೆ ಗಂಟೆ ಸಾಕು. ಬೆಳಿಗ್ಗೆ ಎಂಟಕ್ಕೆ ಹೊರಟು ಮಧ್ಯಾಹ್ನ ತಲುಪುವಂತೆ ನೋಡಿಕೊಳ್ಳಿ. ಕೆಲಸ ಮುಗಿಸಿ ಶುಕ್ರವಾರ ಸಂಜೆ ಹೊರಡುವ ಅಭ್ಯಾಸ ಇಲ್ಲಿಗೆ ಒಗ್ಗುವುದಿಲ್ಲ. ಮುಸ್ಸಂಜೆ ಮತ್ತು ಮುಂಜಾವು ಕಾಂಗರೂಗಳು ರಸ್ತೆಗೆ ಬರುವ ಹೊತ್ತು. ಒಂದು ದಾಟಿದರೆ ಅದರ ಹಿಂದೆ ಇನ್ನೊಂದು ಇರುತ್ತದೆಂದೇ ಎಣಿಸಿ ನಿಧಾನಿಸಿ. ಅಡ್ಡ ಬಂತೆಂದು ಸ್ಟೀರಿಂಗ್ ಎಳೆದಾಡಬೇಡಿ, ಕಾರು ಮಗುಚುವುದು ಹಾಗೆ. ನೇರವಾಗಿಯೇ ಇದ್ದು ಬ್ರೇಕ್ ಒತ್ತಿ. ಸುತ್ತಲೂ ಪೈನ್ ನೆಡುತೋಪುಗಳಿರುವುದರಿಂದ ಮರದ ದಿಮ್ಮಿ ಹೊತ್ತ ಉದ್ದನೆಯ ಲಾರಿಗಳೂ ಹಗಲಿರುಳು ಓಡುತ್ತವೆ. ಅವನ್ನು ಹಿಂದಿಕ್ಕಲು ಅವಸರ ಮಾಡದೆ, ಹೆಚ್ಚುವರಿ ಲೇನ್ ಬರುವವರೆಗೆ ಕಾಯಿರಿ.

ಗಡಿಯಲ್ಲಿ ಎರಡು ಸಂಗತಿ ಎಲ್ಲರನ್ನೂ ಎಡವಿಸುತ್ತವೆ.

ಒಂದು, ಗಡಿಯಾರ. ಸೌತ್ ಆಸ್ಟ್ರೇಲಿಯಾ ವಿಕ್ಟೋರಿಯಾಕ್ಕಿಂತ ಅರ್ಧ ಗಂಟೆ ಹಿಂದೆ. ಗಡಿಯ ಹತ್ತಿರ ಮೊಬೈಲ್ ಯಾವ ರಾಜ್ಯದ ಟವರ್ ಹಿಡಿಯುತ್ತದೋ ಆ ರಾಜ್ಯದ ಹೊತ್ತು ತೋರಿಸುತ್ತದೆ. ಗುಹೆಯ ಟಿಕೆಟ್ ತಪ್ಪಿಸಿಕೊಳ್ಳುವವರು ತಪ್ಪಿಸಿಕೊಳ್ಳುವುದು ಹೀಗೆಯೇ. ಸ್ವಯಂಚಾಲಿತ ಸಮಯ ಆರಿಸಿ ಕೈಯಿಂದಲೇ ಅಡಿಲೇಡ್ ಸಮಯ ಇಟ್ಟುಕೊಳ್ಳಿ. ಭಾರತದ ಮನೆಗೆ ಫೋನ್ ಮಾಡುವವರಿಗೆ ಒಂದು ಲಾಭವೂ ಇದೆ. ಇಲ್ಲಿನ ಸಮಯ ಭಾರತಕ್ಕಿಂತ ಸರಿಯಾಗಿ ನಾಲ್ಕು ಗಂಟೆ ಮುಂದೆ, ಅಕ್ಟೋಬರ್‌ನಿಂದ ಏಪ್ರಿಲ್ ಆರಂಭದವರೆಗೆ ಐದು ಗಂಟೆ. ಮೆಲ್ಬರ್ನ್‌ನವರಂತೆ ಅರ್ಧ ಗಂಟೆಯ ಲೆಕ್ಕ ಹಾಕಬೇಕಾಗಿಲ್ಲ.

ಎರಡು, ಹಣ್ಣು ತರಕಾರಿ. ಹಣ್ಣುನೊಣ ಬರದಂತೆ ಸೌತ್ ಆಸ್ಟ್ರೇಲಿಯಾ ಬಹಳ ಬಿಗಿಯಾಗಿದೆ. ಟೊಮೆಟೊ, ಹಸಿಮೆಣಸಿನಕಾಯಿ, ನಿಂಬೆ, ಮಾವು, ಕಿತ್ತಳೆ ಇವನ್ನೆಲ್ಲ ಗಡಿಯಾಚೆಯಿಂದ ತರುವಂತಿಲ್ಲ. ಸಿಕ್ಕಿಬಿದ್ದರೆ ಸ್ಥಳದಲ್ಲೇ ದಂಡ, ‘ಎರಡೇ ಮೆಣಸಿನಕಾಯಿ’ ಎಂಬ ಮಾತು ನಡೆಯುವುದಿಲ್ಲ. ಪುಳಿಯೋಗರೆ, ಚಪಾತಿ, ಬೇಯಿಸಿದ ಪಲ್ಯ, ಚಕ್ಕುಲಿ ಇಂಥವಕ್ಕೆ ಅಡ್ಡಿಯಿಲ್ಲ. ಹಸಿ ಸಾಮಾನು ಊರಿನ ಸೂಪರ್ ಮಾರ್ಕೆಟ್‌ನಲ್ಲೇ ಕೊಳ್ಳಿ. ಹೊರಡುವ ಮುನ್ನ ಮಕ್ಕಳ ಬ್ಯಾಗನ್ನೂ ಒಮ್ಮೆ ನೋಡಿಬಿಡಿ, ಮರೆತ ಹಣ್ಣು ಇರುವುದು ಅಲ್ಲೇ.

ಮೊದಲ ದಿನ: ಸಂಜೆಯನ್ನು ಕಾಯಬೇಕು

ಕೋಣೆಗೆ ಸಾಮಾನು ಹಾಕಿ, ಮಧ್ಯಾಹ್ನ ಮೂರರೊಳಗೆ ಬೇ ರೋಡ್ ಹಿಡಿದು ನೀಲಿ ಕೆರೆಗೆ ಹೋಗಿ. ಊರ ನಡುವಿನಿಂದ ಐದೇ ನಿಮಿಷ. ಬಣ್ಣ ಚೆನ್ನಾಗಿ ಕಾಣುವುದು ಬಿಸಿಲು ನೆತ್ತಿಯ ಹತ್ತಿರವಿದ್ದು ಮೋಡವಿಲ್ಲದಾಗ, ಹತ್ತರಿಂದ ಮೂರರ ತನಕ. ಬಿಸಿಲು ಓರೆಯಾದರೆ ದಂಡೆಯ ಗೋಡೆಗಳ ನೆರಳು ನೀರಿಗೆ ಬೀಳುತ್ತದೆ. ಮೋಡವಿದ್ದರೆ ಈಗ ಬಿಡಿ, ನಾಳೆ ಮತ್ತೆ ಬರುವುದಿದೆ.

ಅಲ್ಲಿಂದ ಊರ ನಡುವಿನ ಕೇವ್ ಗಾರ್ಡನ್‌ಗೆ ಬನ್ನಿ. ಬೋವಾಂಡಿಕ್ ಹೆಸರು ಥುಗಿ. ಅಂಗಡಿ ಬೀದಿಯ ಪಕ್ಕದಲ್ಲೇ ನೆಲ ಬಾಯ್ಬಿಟ್ಟಿದೆ, ಸುತ್ತ ಗುಲಾಬಿ ತೋಟ. ಊರು ಶುರುವಾದಾಗ ವಲಸಿಗರಿಗೆ ನೀರು ಸಿಕ್ಕಿದ್ದು ಇಲ್ಲಿ. ಈಗ ಬೀದಿಯ ಮಳೆನೀರು ಇದರೊಳಗೆ ಇಳಿಯುತ್ತದೆ. ಜೋರು ಮಳೆ ಬಂದ ದಿನ ಎಲ್ಲರೂ ಒಳಗಿದ್ದಾಗ ಛತ್ರಿ ಹಿಡಿದು ಇಲ್ಲಿಗೆ ಬಂದರೆ ಗುಂಡಿಯೊಳಗೆ ಜಲಪಾತವೇ ಕಾಣಸಿಗುತ್ತದೆ. ಪಕ್ಕದ ಕಟ್ಟಡ ರಿಡಕ್ ಕಲಾ ಕೇಂದ್ರ, ಪ್ರವೇಶ ಉಚಿತ. ನಕ್ಷೆ, ಗುಹೆಗಳ ಆ ದಿನದ ವೇಳಾಪಟ್ಟಿ, ಯಾವುದು ದುರಸ್ತಿಗೆ ಮುಚ್ಚಿದೆ ಎಂಬುದೆಲ್ಲ ಇಲ್ಲೇ ಕೇಳಿಕೊಳ್ಳಿ. ಜುಬಿಲಿ ಹೈವೇ ಕೆಳಗೆ ಹಾದುಹೋಗುವ ಎಂಗೆಲ್‌ಬ್ರೆಕ್ಟ್ ಗುಹೆ ತೆರೆದಿದೆಯೇ ಎಂದೂ ವಿಚಾರಿಸಿ. ಮೇಲೆ ಲಾರಿ ಓಡುವ ರಸ್ತೆ, ಕೆಳಗೆ ಮುಳುಗುಗಾರರು ಇಳಿಯುವ ನೀರು. ಇದನ್ನು ನೋಡಿದವರಿಗೆ ಊರಿನ ನೆಲ ಎಷ್ಟು ಪೊಳ್ಳು ಎಂಬುದು ಮನದಟ್ಟಾಗುತ್ತದೆ.

ರಾತ್ರಿಯ ಊಟವನ್ನು ಬೇಗ ಮುಗಿಸಿ. ಇದು ಸಣ್ಣ ಊರು, ಎಂಟೂವರೆಗೆ ಅಡುಗೆಮನೆ ಮುಚ್ಚುವ ಹೋಟೆಲುಗಳೇ ಹೆಚ್ಚು. ಭಾರತೀಯ ಊಟದ ಹೋಟೆಲುಗಳಿವೆ. ಪಬ್‌ಗಳಲ್ಲೂ ಸಸ್ಯಾಹಾರಿಗಳಿಗೆ ಒಂದೆರಡು ತಿನಿಸು ಇರುತ್ತವೆ, ಆದರೆ ಸೂಪಿನಲ್ಲಿ ಮಾಂಸದ ಸಾರು ಹಾಕಿದ್ದಾರೆಯೇ ಎಂದು ಬಾಯಿಬಿಟ್ಟು ಕೇಳಬೇಕು. ಭಾನುವಾರ, ಸೋಮವಾರ ಹಲವು ಕಡೆ ಬಾಗಿಲು ಹಾಕಿರುತ್ತದೆ. ಮನೆಮಂದಿಯೆಲ್ಲ ಬರುವುದಾದರೆ ಒಲೆ, ಫ್ರಿಜ್ ಇರುವ ಕ್ಯಾಬಿನ್ ಹಿಡಿಯುವುದು ಜಾಣತನ. ಒಂದು ಸಣ್ಣ ಕುಕ್ಕರ್ ತಂದರೆ ಅನ್ನ-ಸಾರಿಗೆ ಯಾರನ್ನೂ ಕೇಳಬೇಕಿಲ್ಲ.

ಇನ್ನು ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮುಂಚೆ ಅಂಫರ್‌ಸ್ಟನ್ ಸಿಂಕ್‌ಹೋಲ್ ಸೇರಿಕೊಳ್ಳಿ. ಬೋವಾಂಡಿಕ್ ಹೆಸರು ಬಾಲುಂಬುಲ್. ಗವಿಯ ಮಾಡು ಕುಸಿದು ಉಳಿದ ಈ ಭಾರಿ ಗುಂಡಿಯನ್ನು ಜೇಮ್ಸ್ ಅಂಫರ್‌ಸ್ಟನ್ ಎಂಬ ಜಮೀನುದಾರ 1880ರ ದಶಕದಲ್ಲಿ ತೋಟ ಮಾಡಿದ. ಆಗ ತಳದಲ್ಲಿ ಕೆರೆಯಿತ್ತು, ದೋಣಿಯಿತ್ತು. ಅವನ ನಂತರ ಪಾಳುಬಿದ್ದು ಕಸದ ಗುಂಡಿಯಾದದ್ದನ್ನು 1970ರ ದಶಕದಲ್ಲಿ ಅರಣ್ಯ ಇಲಾಖೆಯ ನೌಕರರು ಶುಚಿಮಾಡಿ ಮತ್ತೆ ನೆಟ್ಟರು. ಮೆಟ್ಟಿಲಿಳಿದು ಹೋದರೆ ಹಂತಹಂತದ ಪಾತಿಗಳು, ಹೈಡ್ರೇಂಜಿಯಾ ಪೊದೆಗಳು, ಮೇಲಿನ ಅಂಚಿನಿಂದ ಪರದೆಯಂತೆ ಇಳಿಬಿದ್ದ ಬಳ್ಳಿಗಳು. ಹಗಲಿನಲ್ಲಿ ಇದೊಂದು ಚೆಂದದ ತೋಟ, ಅಷ್ಟೇ. ಕತ್ತಲಾದ ಮೇಲೆ ದೀಪ ಹತ್ತುತ್ತದೆ, ಗೋಡೆಯ ಬಿರುಕುಗಳಿಂದ ಹೊಟ್ಟೆಚೀಲದ ನಿಶಾಚರ ಪ್ರಾಣಿಗಳಾದ ಪೊಸಮ್‌ಗಳು ಒಂದೊಂದಾಗಿ ಇಳಿದು ಬರುತ್ತವೆ. ಅದಕ್ಕೇ ಸಂಜೆ ಎಂದದ್ದು.

ಅಲ್ಲಿ ಗಮನಿಸಬೇಕಾದ್ದು: ಮೆಟ್ಟಿಲು ತೇವವಾಗಿರುತ್ತವೆ, ಚಪ್ಪಲಿಯ ಬದಲು ಹಿಡಿತವಿರುವ ಶೂ ಹಾಕಿಕೊಳ್ಳಿ. ಕಲ್ಲುಗೋಡೆಗಳಲ್ಲಿ ಜೇನುಗೂಡುಗಳಿವೆ, ಕಲ್ಲೆಸೆಯದಂತೆ ಮಕ್ಕಳಿಗೆ ಹೇಳಿರಿ. ಪೊಸಮ್‌ಗೆ ಬ್ರೆಡ್ಡು ಬಿಸ್ಕತ್ತು ಹಾಕಬೇಡಿ, ಅವಕ್ಕೆ ಕಾಯಿಲೆ ಬರುತ್ತದೆ, ಕೈಗೆ ಉಗುರೂ ತಾಗುತ್ತದೆ. ಟಾರ್ಚ್ ನೇರ ಕಣ್ಣಿಗೆ ಬಿಡದೆ ನೆಲಕ್ಕೆ ಹಿಡಿಯಿರಿ. ಭಾರತದಿಂದ ಬಂದ ಅಪ್ಪ-ಅಮ್ಮನಿಗೆ ಮಂಡಿನೋವಿದ್ದರೆ ಇಳಿಸುವ ಸಾಹಸ ಬೇಡ, ಮೇಲಿನ ಕಟಕಟೆಯಿಂದಲೇ ಪೂರ್ತಿ ತೋಟ ಕಾಣುತ್ತದೆ. ಟಿಕೆಟ್ ಇಲ್ಲ, ಗೇಟಿನ ಹೊತ್ತೂ ಇಲ್ಲ.

ಮರಳುವಾಗ ಕೇವ್ ಗಾರ್ಡನ್ ಹಾದು ಹೋಗಿ. ರಾತ್ರಿ ಅದರ ಗೋಡೆಗಳ ಮೇಲೆ ಬೋವಾಂಡಿಕ್ ಕಥೆಗಳ ಬೆಳಕಿನ ಪ್ರದರ್ಶನ ನಡೆಯುತ್ತದೆ. ಇದೂ ಉಚಿತ. ಶುರುವಾಗುವ ಹೊತ್ತನ್ನು ಮಧ್ಯಾಹ್ನ ರಿಡಕ್‌ನಲ್ಲಿ ಕೇಳಿಟ್ಟುಕೊಂಡಿರಿ.

ಎರಡನೇ ದಿನ: ಕೆರೆಯ ಒಳಗೂ ಹೊರಗೂ

ನೀಲಿ ಕೆರೆ ಊರಿನ ಕುಡಿಯುವ ನೀರು. ಈಜುವಂತಿಲ್ಲ, ದೋಣಿ ಬಿಡುವಂತಿಲ್ಲ, ದಡಕ್ಕೆ ಇಳಿಯುವಂತಿಲ್ಲ. ನೀರಿನ ಮಟ್ಟದವರೆಗೆ ಹೋಗಲು ಇರುವುದು ಒಂದೇ ಉಪಾಯ, ಬೇ ರೋಡ್ ಪಕ್ಕದ ಹಳೆಯ ಪಂಪ್‌ಹೌಸ್‌ನಲ್ಲಿ ನಡೆಯುವ ಅಕ್ವಿಫರ್ (ಅಂತರ್ಜಲದ ಪದರ) ಟೂರ್. ಹಿಂದೆ ನೀರೆತ್ತಲು ತೋಡಿದ್ದ ಬಾವಿಯೊಳಗೆ ಗಾಜಿನ ಲಿಫ್ಟ್ ಇಳಿಸುತ್ತಾರೆ. ಆಮೇಲೆ ಸುರಂಗದಲ್ಲಿ ನಡೆದು ನೀರಿನ ಅಂಚಿಗೆ ಬಂದು ನಿಲ್ಲುತ್ತೀರಿ. ಒಟ್ಟು ಸುಮಾರು ಮುಕ್ಕಾಲು ಗಂಟೆ. ಬೆಳಗಿನ ಮೊದಲ ಸರದಿಗೇ ಹೋದರೆ ಗುಂಪು ಸಣ್ಣದು, ಮಾರ್ಗದರ್ಶಕರು ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರಿಸುತ್ತಾರೆ. ದುಡ್ಡು ಕೊಟ್ಟು ನೋಡುವವುಗಳಲ್ಲಿ ಒಂದನ್ನೇ ಆರಿಸಿ ಎಂದರೆ, ನಮ್ಮ ಆಯ್ಕೆ ಇದೇ.

ಹೊರಬಂದ ಮೇಲೆ ಕೆರೆಯ ಸುತ್ತಿನ ದಾರಿ, 3.6 ಕಿಲೋಮೀಟರ್. ಸುಮಾರು ಒಂದು ಗಂಟೆಯ ನಡಿಗೆ, ಸ್ವಲ್ಪ ಏರಿಳಿತವಿದೆ. ನೆರಳು ಕಡಿಮೆ, ಟೋಪಿ ಮತ್ತು ಆಳಿಗೊಂದು ಬಾಟಲಿ ನೀರು ಇರಲಿ. ಇಲ್ಲಿನ ಬಿಸಿಲು ಸುಡದಂತೆ ಕಂಡರೂ ಅತಿನೇರಳೆ ಕಿರಣ ಜೋರು, ಸನ್‌ಸ್ಕ್ರೀನ್ ಹಚ್ಚದೆ ನಡೆದವರಿಗೆ ಸಂಜೆ ಗೊತ್ತಾಗುತ್ತದೆ. ದಾರಿಯಲ್ಲಿ ಕಾಣುವ ಕಂಬ ಕವಿ ಆಡಂ ಲಿಂಡ್ಸೆ ಗೋರ್ಡನ್‌ನ ನೆನಪಿನದು. 1864ರಲ್ಲಿ ಆತ ಕುದುರೆಯ ಮೇಲೆ ಕೂತು ಬೇಲಿ ಹಾರಿ, ಕೆಳಗೆ ಕೆರೆಯ ಪ್ರಪಾತವಿರುವ ಕಿರಿದಾದ ಅಂಚಿನ ಮೇಲೆ ನಿಂತನಂತೆ. ಜಾಗ ನೋಡಿದರೆ ಕುದುರೆಯನ್ನೇ ಮೆಚ್ಚಬೇಕೆನಿಸುತ್ತದೆ.

ಮಧ್ಯಾಹ್ನದ ಊಟಕ್ಕೆ ಕಟ್ಟಿಕೊಂಡ ಬುತ್ತಿಯೊಂದಿಗೆ ವ್ಯಾಲಿ ಲೇಕ್‌ಗೆ ಇಳಿಯಿರಿ. ನಾಲ್ಕು ಕುಳಿಗಳಲ್ಲಿ ಈಗ ನೀರು ನಿಂತಿರುವುದು ನೀಲಿ ಕೆರೆಯಲ್ಲಿ ಮತ್ತು ಇದರಲ್ಲಿ ಮಾತ್ರ. ಅಂತರ್ಜಲ ಕೆಳಗಿಳಿದು ಬ್ರೌನ್ಸ್ ಲೇಕ್, ಲೆಗ್ ಆಫ್ ಮಟನ್ ಲೇಕ್ ಎರಡೂ ಬತ್ತಿವೆ. ನಕ್ಷೆಯಲ್ಲಿ ನೀಲಿ ಬಣ್ಣ ನೋಡಿ ಹುಡುಕಿಕೊಂಡು ಹೋದವರಿಗೆ ಹುಲ್ಲು ಸಿಗುತ್ತದೆ. ವ್ಯಾಲಿ ಲೇಕ್ ದಡದಲ್ಲಿ ಹುಲ್ಲುಹಾಸು, ಮಕ್ಕಳ ಆಟದ ಜಾಗ, ಸಾರ್ವಜನಿಕ ಬಾರ್ಬೆಕ್ಯೂ ಒಲೆ ಎಲ್ಲ ಇವೆ. ಬೇರೆಯವರು ಮಾಂಸ ಸುಟ್ಟ ತಟ್ಟೆಯಲ್ಲಿ ಬೇಯಿಸುವುದು ಒಲ್ಲದವರು ಅಲ್ಯುಮಿನಿಯಂ ಹಾಳೆ ತಂದು ಹಾಸಿಕೊಳ್ಳುವುದು ವಾಡಿಕೆ. ಪಕ್ಕದಲ್ಲೇ ಹಲಗೆ ದಾರಿಯಿರುವ ಸಣ್ಣ ವನ್ಯಜೀವಿ ಉದ್ಯಾನವಿದೆ.

ಊಟವಾದ ಮೇಲೆ ಸೆಂಟಿನರಿ ಟವರ್. ಬೆಟ್ಟದ ತುದಿಯ ಈ ಕಲ್ಲಿನ ಗೋಪುರ 1904ರಲ್ಲಿ ಮುಗಿಯಿತು. ಏರುದಾರಿ ಚಿಕ್ಕದು, ಆದರೆ ಕಡಿದು. ಸ್ವಯಂಸೇವಕರು ನಡೆಸುವುದರಿಂದ ತೆರೆದಿರುವ ಖಾತ್ರಿಯಿಲ್ಲ. ಕೆಳಗಿನಿಂದಲೇ ನೋಡಿ: ಧ್ವಜ ಹಾರುತ್ತಿದ್ದರೆ ತೆರೆದಿದೆ ಎಂದರ್ಥ. ಧ್ವಜವಿಲ್ಲದಿದ್ದರೂ ಗೋಪುರದ ಬುಡದಿಂದ ಕುಳಿಗಳು, ಪೈನ್ ಕಾಡು, ದೂರದ ಮೌಂಟ್ ಶ್ಯಾಂಕ್ ಕಾಣುತ್ತವೆ.

ಬೇಸಿಗೆಯಲ್ಲಿ ಕತ್ತಲಾಗುವುದು ರಾತ್ರಿ ಒಂಬತ್ತರ ಹತ್ತಿರ. ಹಾಗಾಗಿ ಮೂರೂವರೆಗೆ ದಕ್ಷಿಣದ ಸುತ್ತು ಹೊರಟರೂ ಸಾಕಷ್ಟು ಹೊತ್ತಿರುತ್ತದೆ. ಕ್ರಮ ಹೀಗಿರಲಿ: ಮೌಂಟ್ ಶ್ಯಾಂಕ್, ಲಿಟಲ್ ಬ್ಲೂ ಲೇಕ್, ಪೋರ್ಟ್ ಮೆಕ್‌ಡೊನೆಲ್, ಕೇಪ್ ನಾರ್ತಂಬರ್‌ಲ್ಯಾಂಡ್. ಮೌಂಟ್ ಶ್ಯಾಂಕ್ ಒಣ ಕುಳಿ. ಕಲ್ಲುಮೆಟ್ಟಿಲು ಹತ್ತಿ ಅಂಚು ಸೇರಲು ಸಾಮಾನ್ಯರಿಗೆ ಇಪ್ಪತ್ತು ನಿಮಿಷ ಬೇಕು. ಅಂಚಿನಿಂದ ಕುಳಿಯ ತಳಕ್ಕೂ ಕಾಲುದಾರಿಯಿದೆ. ಆದರೆ ಸಡಿಲ ಕಲ್ಲುಗಳ ಮೇಲೆ ಇಳಿಯುವುದಕ್ಕಿಂತ ವಾಪಸ್ ಹತ್ತುವುದು ಕಷ್ಟ. ನೀರು ತುಂಬದ ಕುಳಿ ಹೇಗಿರುತ್ತದೆಂದು ನೋಡಿದರೆ ನೀಲಿ ಕೆರೆಯ ಆಕಾರ ಸರಿಯಾಗಿ ತಿಳಿಯುತ್ತದೆ.

ಲಿಟಲ್ ಬ್ಲೂ ಲೇಕ್ ಮೌಂಟ್ ಸಾಲ್ಟ್ ರೋಡ್ ಪಕ್ಕದ ದುಂಡನೆಯ ಸಿಂಕ್‌ಹೋಲ್. ಊರಿನ ಹುಡುಗರು ಬೇಸಿಗೆಯಲ್ಲಿ ಬಂದು ಧುಮುಕುವುದು ಇಲ್ಲಿಗೆ. ಮೆಟ್ಟಿಲು, ತೇಲುವ ಕಟ್ಟೆ ಇವೆ. ನೀವು ಬಂಡೆಯ ಮೇಲಿಂದ ಧುಮುಕಬೇಡಿ. ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಒಮ್ಮೆಲೇ ತಣ್ಣೀರಿಗೆ ಬಿದ್ದಾಗ ಉಸಿರು ಕಟ್ಟಿ ನೀರು ಕುಡಿಯುವುದು ಚೆನ್ನಾಗಿ ಈಜು ಬಲ್ಲವರಿಗೂ ಆಗುತ್ತದೆ. ದಂಡೆ ಕಡಿದಾಗಿ ಆಳಕ್ಕಿಳಿಯುವುದರಿಂದ ಕಾಲೂರಲು ಜಾಗವಿಲ್ಲ, ಕಾವಲಿಗೆ ಯಾರೂ ಇರುವುದಿಲ್ಲ. ಈಜು ಬಾರದವರು ಮೆಟ್ಟಿಲ ಮೇಲೇ ಇರಲಿ. ಪಾಚಿಯ ಎಚ್ಚರಿಕೆ ಫಲಕ ಇದ್ದರೆ ಯಾರೂ ಇಳಿಯಬಾರದು.

ಪೋರ್ಟ್ ಮೆಕ್‌ಡೊನೆಲ್ ಕಡಲೇಡಿಯ (ಲಾಬ್‌ಸ್ಟರ್) ಊರು. ಅಕ್ಟೋಬರ್‌ನಿಂದ ಮೇ ತನಕ ಹಿಡಿಯುವ ಕಾಲ, ಆಗ ದೋಣಿಗಳು ಸಾಲಾಗಿ ನಿಂತಿರುತ್ತವೆ. ತಿನ್ನುವವರಿಗೆ ತಾಜಾ ಸಿಗುತ್ತದೆ, ಬೆಲೆ ಕೇಳಿಯೇ ಹೇಳಿರಿ. ಕೇಪ್ ನಾರ್ತಂಬರ್‌ಲ್ಯಾಂಡ್ ಈ ರಾಜ್ಯದ ದಕ್ಷಿಣದ ತುದಿ. ಅಲ್ಲಿ ಸಮುದ್ರ ಸ್ನಾನಕ್ಕಲ್ಲ, ನೋಡುವುದಕ್ಕೆ. ಬಂಡೆಯ ಅಂಚು ಕೊರೆದಿರುತ್ತದೆ, ಬೇಲಿ ದಾಟಬೇಡಿ. ಕತ್ತಲಾಗುವ ಮೊದಲೇ ಊರು ಸೇರಿ, ಕಾಂಗರೂ ಮಾತು ಮತ್ತೆ ಹೇಳಬೇಕಿಲ್ಲ.

ಮೂರನೇ ದಿನ: ಮನೆ ಯಾವ ಕಡೆಗೆ?

ಮೆಲ್ಬರ್ನ್‌ಗೆ ಮರಳುವವರು ದಕ್ಷಿಣದಿಂದ, ಅಡಿಲೇಡ್‌ಗೆ ಮರಳುವವರು ಉತ್ತರದಿಂದ ಹೊರಟರೆ ಒಂದೇ ದಾರಿ ಎರಡು ಸಲ ಸುತ್ತುವುದು ತಪ್ಪುತ್ತದೆ.

ದಕ್ಷಿಣದಲ್ಲಿರುವುದು ಯೂವೆನ್ಸ್ ಪಾಂಡ್ಸ್ ಮತ್ತು ಪಿಕನಿನಿ ಪಾಂಡ್ಸ್. ಸುಣ್ಣದಕಲ್ಲಿನ ಕೆಳಗಿನಿಂದ ಉಕ್ಕುವ ಬುಗ್ಗೆಗಳಿಂದಾದ ಕೊಳಗಳಿವು. ನೀರು ಎಷ್ಟು ತಿಳಿಯೆಂದರೆ ಮುಖವಾಡ ಹಾಕಿ ತಲೆ ಮುಳುಗಿಸಿದವರಿಗೆ ಒಂದು ಕ್ಷಣ ನೀರಿದೆಯೆಂದೇ ತಿಳಿಯದು. ಉಸಿರ್ಗೊಳವೆ ಕಚ್ಚಿ ನೀರಿನ ಮೇಲ್ಮೈಯಲ್ಲಿ ಈಜುವ ಸ್ನಾರ್ಕೆಲಿಂಗ್‌ಗೆ ಎರಡೂ ಕಡೆ ಪರವಾನಗಿ ಬೇಕು. ಸೌತ್ ಆಸ್ಟ್ರೇಲಿಯಾದ ರಾಷ್ಟ್ರೀಯ ಉದ್ಯಾನಗಳ ಜಾಲತಾಣದಲ್ಲಿ ಮೊದಲೇ ಹೊತ್ತು ಕಾದಿರಿಸಬೇಕು, ಸ್ಥಳದಲ್ಲಿ ಕೊಡುವುದಿಲ್ಲ. ಯೂವೆನ್ಸ್ ಅನ್ನು ಸಸ್ಯಗಳು ಚೇತರಿಸಿಕೊಳ್ಳಲೆಂದು ವಸಂತದಲ್ಲಿ (ಇಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್) ಮುಚ್ಚುತ್ತಾರೆ. ದಿನ ಗೊತ್ತುಮಾಡುವ ಮುಂಚೆ ಇದನ್ನು ನೋಡಿಕೊಳ್ಳಿ.

ಹೊಸಬರಿಗೆ ಯೂವೆನ್ಸ್ ಸರಿ. ಮೂರು ಕೊಳಗಳು, ನಡುವೆ ಜೊಂಡು ಬೆಳೆದ ಕಿರುಕಾಲುವೆ. ಮೊದಲನೆಯದಕ್ಕೆ ಕಟ್ಟೆಯಿಂದ ಮೆಲ್ಲಗೆ ಇಳಿಯಿರಿ, ಧುಮುಕಬೇಡಿ. ಸೆಳವು ತಾನಾಗಿಯೇ ಮೂರನೆಯದರ ಕಡೆಗೆ ಒಯ್ಯುತ್ತದೆ. ಅಲ್ಲಿ ಹತ್ತಿ ಕಾಲುದಾರಿಯಲ್ಲಿ ವಾಪಸ್ ನಡೆಯಿರಿ, ಸೆಳವಿನ ವಿರುದ್ಧ ಈಜಬೇಡಿ. ನೀರು ವರ್ಷವಿಡೀ 15 ಡಿಗ್ರಿಯ ಆಸುಪಾಸು. ತೋಳಿನ ತುದಿಯಿಂದ ಪಾದದವರೆಗಿನ ದಪ್ಪ ವೆಟ್‌ಸೂಟ್ ಇಲ್ಲದೆ ಹತ್ತು ನಿಮಿಷವೂ ಕಷ್ಟ. 5 ಮಿಲಿಮೀಟರ್‌ನದು, ತಲೆಗವಸು ಸಮೇತ ಇದ್ದರೆ ಒಳ್ಳೆಯದು. ವೆಟ್‌ಸೂಟ್ ನಿಮ್ಮನ್ನು ತೇಲಿಸುತ್ತದೆ, ಹಾಗಾಗಿ ಕಾಲನ್ನು ಮೇಲೇ ಇಟ್ಟುಕೊಂಡು ನಿಧಾನ ಬೀಸಿ. ಒಬ್ಬರು ತಳಕ್ಕೆ ಕಾಲು ತಾಗಿಸಿ ಕೆಸರೆಬ್ಬಿಸಿದರೆ ಹಿಂದೆ ಬರುವವರಿಗೆ ಏನೂ ಕಾಣುವುದಿಲ್ಲ.

ಪಿಕನಿನಿಯ ಸೀಳು ನೂರು ಮೀಟರಿಗಿಂತ ಆಳ. ಅದರ ಮೇಲೆ ತೇಲುತ್ತಾ ಕೆಳಗೆ ನೋಡುವುದಕ್ಕೆ ಗಟ್ಟಿ ಎದೆ ಬೇಕು. ಮುಳುಗಲು ಮಾತ್ರ ಗುಹೆ ಮುಳುಗಿನ ವಿಶೇಷ ತರಬೇತಿ ಪಡೆದವರಿಗಷ್ಟೇ ಅನುಮತಿ. 1969ರಿಂದ 1974ರೊಳಗೆ ಈ ಸೀಮೆಯ ಸಿಂಕ್‌ಹೋಲ್‌ಗಳಲ್ಲಿ ಹನ್ನೊಂದು ಮಂದಿ ಮುಳುಗುಗಾರರು ಸತ್ತರು. 1973ರಲ್ಲಿ ನಾಲ್ವರು ಒಂದೇ ಗುಂಡಿಯಲ್ಲಿ ಹೋದ ನಂತರವೇ ಗುಹೆ ಮುಳುಗುಗಾರರ ಸಂಘ ಹುಟ್ಟಿ ಈ ಬಿಗಿ ಬಂತು. ಸಾಮಾನ್ಯ ಸ್ಕೂಬಾ ಪತ್ರ ತೋರಿಸಿ ವಾದಿಸುವುದರಲ್ಲಿ ಅರ್ಥವಿಲ್ಲ. ನೀರಿಗಿಳಿಯದವರಿಗೆ ಜೌಗಿನ ನಡುವೆ ನಡೆದಾಡುವ ದಾರಿಗಳಿವೆ. ಇಲ್ಲಿಂದ ನೆಲ್ಸನ್ ಊರಿನ ಮೂಲಕ ಪೋರ್ಟ್‌ಲೆಂಡ್ ಸೇರಿದರೆ ಮೆಲ್ಬರ್ನ್ ದಾರಿ. ನೆಲ್ಸನ್ ಹತ್ತಿರದ ಪ್ರಿನ್ಸೆಸ್ ಮಾರ್ಗರೆಟ್ ರೋಸ್ ಗುಹೆಗೆ ಹೋಗುವುದಿದ್ದರೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿ. ಅದು ವಿಕ್ಟೋರಿಯಾದಲ್ಲಿದೆ, ಅರ್ಧ ಗಂಟೆ ಮುಂದೆ!

ಉತ್ತರಕ್ಕೆ ಹೋಗುವವರಿಗೆ ಮೊದಲು 50 ಕಿಲೋಮೀಟರಿಗೆ ಪೆನೋಲಾ. ಆಸ್ಟ್ರೇಲಿಯಾದ ಮೊದಲ ಸಂತಳೆಂದು 2010ರಲ್ಲಿ ಘೋಷಿತರಾದ ಮೇರಿ ಮೆಕಿಲಪ್, ಪಾದ್ರಿ ಜೂಲಿಯನ್ ಟೆನಿಸನ್ ವುಡ್ಸ್ ಜೊತೆಗೂಡಿ 1866ರಲ್ಲಿ ಬಡಮಕ್ಕಳ ಶಾಲೆ ತೆರೆದದ್ದು ಇಲ್ಲಿ. ದಾಟಿದೊಡನೆ ಕೂನವಾರಾದ ದ್ರಾಕ್ಷಿ ತೋಟಗಳು: ಸುಣ್ಣದಕಲ್ಲಿನ ಮೇಲೆ ಕೆಮ್ಮಣ್ಣಿನ ಒಂದು ಕಿರಿದಾದ ಪಟ್ಟಿ. ರುಚಿ ನೋಡುವುದಾದರೆ ಕಾರು ಓಡಿಸುವವರನ್ನು ಬಿಟ್ಟು.

ಸುಮಾರು 100 ಕಿಲೋಮೀಟರಿಗೆ ನಾರಾಕೂರ್ಟ್ ಗುಹೆಗಳು, 1994ರಿಂದ ವಿಶ್ವ ಪರಂಪರೆಯ ತಾಣ. ಇಲ್ಲಿ ಅವಸರಿಸಬೇಡಿ, ಅರ್ಧ ದಿನ ಇಟ್ಟುಕೊಳ್ಳಿ. ಮೇಲಿನ ರಂಧ್ರಗಳಿಂದ ಬಿದ್ದ ಪ್ರಾಣಿಗಳು ಹೊರಬರಲಾಗದೆ ಲಕ್ಷಾಂತರ ವರ್ಷಗಳ ಕಾಲ ಪದರಪದರವಾಗಿ ಉಳಿದುಕೊಂಡಿವೆ. ವಿಕ್ಟೋರಿಯಾ ಫಾಸಿಲ್ ಕೇವ್‌ನಲ್ಲಿ ಆ ಮೂಳೆಗಳ ರಾಶಿ ಬೆಳಕಿಗೆ ಬಂದದ್ದು 1969ರಲ್ಲಿ. ಥೈಲಕೋಲಿಯೊ ಎಂಬ ಹೊಟ್ಟೆಚೀಲದ ಸಿಂಹ, ಮೊಂಡು ಮುಖದ ದೈತ್ಯ ಕಾಂಗರೂ ಇವೆಲ್ಲ ಹೇಗಿದ್ದವೆಂದು ವೊನಾಂಬಿ ಕೇಂದ್ರದಲ್ಲಿ ಮಾದರಿಗಳಲ್ಲಿ ತೋರಿಸಿದ್ದಾರೆ. ಮಕ್ಕಳಿದ್ದರೆ ಮೊದಲು ಮಾದರಿ, ಆಮೇಲೆ ಗುಹೆ. ಇಲ್ಲದಿದ್ದರೆ ಅವರಿಗೆ ಅದು ಬರೀ ಮೂಳೆ. ಸುಣ್ಣದ ಜಡೆಗಳ ಸೊಬಗಿಗೆ ಅಲೆಕ್ಸಾಂಡ್ರಾ ಗುಹೆ, ಮಾರ್ಗದರ್ಶಕರಿಲ್ಲದೆ ನಿಮ್ಮ ಪಾಡಿಗೆ ನೋಡಲು ಸ್ಟಿಕ್-ಟೊಮ್ಯಾಟೊ ಗುಹೆ. ಒಳಗೆ ಸದಾ 17 ಡಿಗ್ರಿ, ಒಂದು ತೆಳು ಸ್ವೆಟರ್ ಸಾಕು. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆಸಿ, ಹದಿನೈದು ನಿಮಿಷ ಮುಂಚೆ ಅಲ್ಲಿರಿ. ಸರದಿ ಒಳಹೋದ ಮೇಲೆ ಬಾಗಿಲು ಹಾಕುತ್ತಾರೆ.

ಮೆಟ್ಟಿಲು ಹತ್ತಲಾಗದ ಹಿರಿಯರು, ಗಾಲಿಕುರ್ಚಿಯವರು ಜೊತೆಗಿದ್ದರೆ ನಾರಾಕೂರ್ಟ್ ಬದಲು ತಂತನೂಲಾ ಗುಹೆ. ಮೌಂಟ್ ಗ್ಯಾಂಬಿಯರ್‌ನಿಂದ ವಾಯವ್ಯಕ್ಕೆ ಅರ್ಧ ಗಂಟೆ, ಹೆದ್ದಾರಿಯ ಪಕ್ಕದಲ್ಲೇ. ಒಂದೇ ದೊಡ್ಡ ಕೋಣೆ, ಒಳಗೆ ಸಮತಟ್ಟಾದ ದಾರಿ. 1930ರಲ್ಲಿ ಒಬ್ಬ ಹುಡುಗ ಬಿಲಕ್ಕೆ ಬಿಟ್ಟಿದ್ದ ಫೆರೆಟ್ (ಮುಂಗುಸಿಯಂಥ ಬೇಟೆಯ ಸಾಕುಪ್ರಾಣಿ) ಕಳೆದುಹೋಗಿ, ಅದನ್ನು ಹುಡುಕುತ್ತಾ ಇದು ಸಿಕ್ಕಿತು. ವಾರದ ಎಲ್ಲ ದಿನ ತೆರೆದಿರುವುದಿಲ್ಲ, ವೇಳಾಪಟ್ಟಿ ನೋಡಿ ಹೊರಡಿ.

ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಅಪಾಯ ಅತಿ ಹೆಚ್ಚಿರುವ ದಿನ ಉದ್ಯಾನಗಳನ್ನೂ ಕಾಡುದಾರಿಗಳನ್ನೂ ಮುಚ್ಚುತ್ತಾರೆ, ಬಯಲಿನಲ್ಲಿ ಒಲೆ ಹಚ್ಚುವಂತಿಲ್ಲ. ಹಿಂದಿನ ಸಂಜೆಯೇ ಮುನ್ಸೂಚನೆ ನೋಡಿ ಆ ದಿನಕ್ಕೆ ಅಕ್ವಿಫರ್ ಟೂರ್ ಮತ್ತು ರಿಡಕ್ ಇಟ್ಟುಕೊಳ್ಳಿ, ಕಾಡಿನ ಕಡೆಯದನ್ನು ಬೇರೆ ದಿನಕ್ಕೆ ತಳ್ಳಿ. ತುರ್ತಿಗೆ 000. ದಕ್ಷಿಣದ ಕೊಳಗಳ ಕಡೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ನಕ್ಷೆಯನ್ನು ಊರಲ್ಲಿರುವಾಗಲೇ ಫೋನಿಗೆ ಇಳಿಸಿಕೊಂಡಿರಿ.